ಒಪ್ಪಿಲ್ಲ ಎಂದ ಮದುಮಗ

ಶಿಷ್ಯ ಕೇಳಿದ: "ಗುರುಗಳೇ, ಅಂತರ್ಜಾಲಕ್ಕೆ ಕಟ್ಟಳೆ ಮಾಡಲು ಸರ್ಕಾರದವರು, ಕಂಪನಿಯವರು, ತಂತ್ರಜ್ಞರು ಸೇರಿ ಸಭೆ ನಡೆಸುತ್ತಾರಂತೆ. ಸುಮ್ಮನೆ ಬಳಸುವ ನಮ್ಮಂಥವರನ್ನೂ ಅಲ್ಲಿಗೆ ಕರೆಯಬೇಕೆ? ಕರೆದರೂ ನಮಗೇನು ತಿಳಿದೀತು?"

ಗುರುಗಳು ಮೀಸೆ ತೀಡಿಕೊಂಡರು. "ಇದಕ್ಕೆ ಉತ್ತರ ಬಲ್ಲವನು ಈ ಸೀಮೆಯಲ್ಲಿ ನಾನೊಬ್ಬನೇ. ಬೇರೆಯವರೂ ಬಲ್ಲರೇನೋ, ನಾನು ಅವರಿಗೆ ಬಾಯಿ ತೆರೆಯಲು ಬಿಟ್ಟರೆ ತಾನೆ! ಕೇಳು."

ಒಂದು ಹೊಳೆ. ಹೊಳೆಗೊಂದೇ ದೋಣಿ. ದೋಣಿಗೆ ಕಟ್ಟಳೆ ಮಾಡುವವರು ಮೂವರು: ಊರಿನ ಗೌಡ, ದೋಣಿ ಕಟ್ಟಿದ ಬಡಗಿ, ದೋಣಿ ನಡೆಸುವ ಸಾಹುಕಾರ. ದಡದ ಮೇಲಿನ ಮಂಟಪದಲ್ಲಿ ಅವರ ಸಭೆ. ಮೂವರಲ್ಲಿ ಒಬ್ಬರಿಗೂ ಹೊಳೆ ದಾಟುವ ಕೆಲಸವಿರಲಿಲ್ಲ.

ದೋಣಿ ಬಿಡುವ ಮುಂಚೆ ಒಬ್ಬ ಆಳು ನಿಂತು ಎಲ್ಲ ಕಟ್ಟಳೆಗಳನ್ನೂ ಗಟ್ಟಿಯಾಗಿ ಸಾರುತ್ತಿದ್ದ. ಅವು ಎಷ್ಟು ಉದ್ದವೆಂದರೆ, ಶುರುವಿನಲ್ಲಿ ಕಾವಿಗೆ ಕೂತ ಕೋಳಿ ಮುಗಿಯುವ ಹೊತ್ತಿಗೆ ಮರಿಗಳನ್ನು ಮೇಯಿಸುತ್ತಿತ್ತು. ಸುಳ್ಳಲ್ಲ, ಕೋಳಿ ನಮ್ಮ ಮನೆಯದೇ. ಕೊನೆಗೆ ಎಲ್ಲರೂ "ಒಪ್ಪಿದೆ" ಎನ್ನಬೇಕು. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ, ಎಲ್ಲರೂ ಒಪ್ಪುತ್ತಿದ್ದರು. ಆ ಕೂಗು ಕೇಳಿ ಮಂಟಪದ ಮೂವರೂ ಹಿಗ್ಗುತ್ತಿದ್ದರು. "ನೋಡಿದಿರಾ, ನಮ್ಮ ಕಟ್ಟಳೆ ಎಂದರೆ ಜನಕ್ಕೆ ಪ್ರಾಣ!"

ಒಂದು ದಿನ ಒಬ್ಬ ಮದುಮಗ ಬಂದು ದೋಣಿ ಹತ್ತಿದ. ಆಚೆ ದಡದಲ್ಲಿ ಅವನ ಹೆಣ್ಣು, ಅವನ ಚಪ್ಪರ. ಮುಹೂರ್ತಕ್ಕೆ ಹೊತ್ತು ಹತ್ತಿರವಾಗಿತ್ತು. ಹಣೆಗೆ ಬಾಸಿಂಗ ಕಟ್ಟಿತ್ತು, ತಾಳಿ ಕಟ್ಟುವ ತನಕ ಅದನ್ನು ಬಿಚ್ಚುವಂತಿಲ್ಲ. ಅವನ ಕಿವಿಯೆಲ್ಲ ಆಚೆಯ ವಾಲಗದ ಮೇಲೆ. ಆದರೂ ಒಂದು ಕಟ್ಟಳೆ ನುಗ್ಗಿಬಂತು: "ದೋಣಿಯಲ್ಲಿ ಯಾರ ತಲೆಯ ಮೇಲೂ ಏನೂ ಇರಕೂಡದು." ಸಾರುವುದು ಮುಗಿಯಿತು.

"ಒಪ್ಪಿದೆ!" ಅಂದರು ಜನ.

"ನನಗೆ ಒಪ್ಪಿಲ್ಲ," ಅಂದ ಮದುಮಗ.

ಸಾರುವವನು ತಬ್ಬಿಬ್ಬಾದ. ಒಪ್ಪದವನನ್ನು ಏನು ಮಾಡಬೇಕೆಂಬ ಕಟ್ಟಳೆಯೇ ಇರಲಿಲ್ಲ. ದೋಣಿ ಹೊರಡಲಿಲ್ಲ. ಮಂಟಪದ ಮೂವರೂ ಇಳಿದು ಓಡಿಬಂದರು.

"ಒಪ್ಪಿದೆ ಅಂದುಬಿಡೋ ಮಾರಾಯ, ಎಲ್ಲರೂ ಅಂತಾರೆ," ಅಂದ ಗೌಡ.

"ಇವತ್ತು ಆ ಮಾತು ಹೇಳಬೇಕಾದ್ದು ಆ ಹುಡುಗಿಗೆ, ಸ್ವಾಮಿ. ನಿಮಗೆ ಹೇಳಿದರೆ ಬಾಸಿಂಗ ಬಿಚ್ಚಬೇಕು, ಅವಳು ಕೈತಪ್ಪುತ್ತಾಳೆ."

"ಹಾಗಾದರೆ ಹುಣ್ಣಿಮೆಗೆ ಸಭೆಗೆ ಬಾ. ಹಿಂದುಗಡೆ ಒಂದು ಮಣೆ ಹಾಕಿಸುತ್ತೇವೆ."

"ಹುಣ್ಣಿಮೆ ಹೊತ್ತಿಗೆ ಅವಳನ್ನು ಇನ್ಯಾರೋ ಕಟ್ಟಿಕೊಂಡಿರುತ್ತಾನೆ! ನೀವೇ ದೋಣಿ ಹತ್ತಿ. ಸಭೆ ನೀರಿನ ಮೇಲೇ ನಡೆಯಲಿ. ಆಚೆ ದಡದಲ್ಲಿ ಹೋಳಿಗೆ ಊಟವೂ ಇದೆ."

ಹೋಳಿಗೆ ಎಂದು ಕೇಳಿದ್ದೇ ತಡ, ಸಾಹುಕಾರ ದೋಣಿಯಲ್ಲಿದ್ದ. ಉಳಿದಿಬ್ಬರೂ ಹತ್ತಿದರು. ದೋಣಿ ಹೊರಟಿತು. ಗೌಡನಿಗೆ ಯಾರದೋ ಮೇಕೆಯ ಪಕ್ಕ ಜಾಗ ಸಿಕ್ಕಿತು. ಮೇಕೆ ಅವನ ಶಾಲು ಮೇಯತೊಡಗಿತು.

ಬಡಗಿ ಹೇಳಿದ: "ತಲೆಹೊರೆ ಹೊತ್ತು ನಿಂತರೆ ದೋಣಿ ವಾಲುತ್ತದೆ. ಕಟ್ಟಳೆ ಅದಕ್ಕೇ." ಮಾತು ನಿಜವೇ. ಮದುಮಗನ ಕೈ ಬಾಸಿಂಗದ ಗಂಟಿನ ಕಡೆ ಹೋಯಿತು.

ಅಷ್ಟರಲ್ಲಿ ಹೂವಿನವಳೊಬ್ಬಳು ನಕ್ಕಳು. "ಇಷ್ಟೇನಾ ಅಣ್ಣಾ? ಹೊರೆ ಇದ್ದವರು ಕೂತುಕೊಳ್ಳಲಿ ಅಂದರೆ ಮುಗಿಯಿತಲ್ಲ! ನಿಮಗೆ ಹೆದರಿ ದಿನಾ ಬುಟ್ಟೀನ ಸೆರಗಿನೊಳಗೆ ಅದುಮಿಕೊಂಡು ಹೂವೆಲ್ಲ ಬಾಡಿಸಿದೆ."

ಬಡಗಿ ಮದುಮಗನನ್ನು ಕೂರಿಸಿ ನೋಡಿದ. ದೋಣಿ ವಾಲಲಿಲ್ಲ. ಮದುಮಗನ ಮುಖ ಅರಳಿತು. ಇನ್ನು ಕೇಳಬೇಕೆ, ದೋಣಿಯವರೆಲ್ಲ ಬಾಯಿಬಿಟ್ಟರು. ಅರ್ಧಕ್ಕರ್ಧ ಕಟ್ಟಳೆ ಯಾಕಿತ್ತೆಂದು ಮಾಡಿದವರಿಗೇ ನೆನಪಿರಲಿಲ್ಲ. ಆಚೆ ದಡ ಮುಟ್ಟುವಷ್ಟರಲ್ಲಿ ಉಳಿದವು ಒಂದೇ ಉಸಿರಿಗೆ ಹೇಳುವಷ್ಟಾದವು. ಈ ಸಲ ಎಲ್ಲರೂ ಕೇಳಿಸಿಕೊಂಡು "ಒಪ್ಪಿದೆ!" ಅಂದರು. ದನಿ ಎಷ್ಟು ಜೋರೆಂದರೆ, ಚಪ್ಪರದಲ್ಲಿ ಪುರೋಹಿತನ ಕೈಯಲ್ಲಿದ್ದ ಅಕ್ಷತೆ ತಾನಾಗಿ ಹಾರಿತು. ಮದುಮಗ ಒಂದೇ ನೆಗೆತಕ್ಕೆ ದಡ ಹತ್ತಿ, ಓಡಿ, ಏದುಸಿರಿನಲ್ಲೇ ತಾಳಿ ಕಟ್ಟಿದ. ಗೌಡ ಶಾಲಿಲ್ಲದೆ ಪಂಕ್ತಿಯಲ್ಲಿ ಕೂತು, ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡ.

ಶಿಷ್ಯ ನಕ್ಕ. "ತಿಳಿಯಿತು ಗುರುಗಳೇ. ಹಾಗಾದರೆ ದೊಡ್ಡವರು ನಮ್ಮನ್ನೂ ಕರೆಯುವ ತನಕ ಕಾಯುತ್ತೇವೆ."

ಗುರುಗಳು ಕೇಳಿದರು: "ಕತೆಯಲ್ಲಿ ಯಾರು ಯಾರನ್ನು ದೋಣಿಗೆ ಕರೆದರು, ಮಗು?"