ಕಳಕಪ್ಪನ ನೌಕರಿ ಕಾಗದ ಕಾಣಲೊಲ್ದು

ಗಜೇಂದ್ರಗಡದಾಗ ಫಕೀರವ್ವ ಅಂತ ಒಬ್ಬಾಕಿ ಇದ್ಲು, ಕೇಳ್ರಿ. ಖಾನಾವಳಿಗೆ ರೊಟ್ಟಿ ಬಡದು ಬಡದು ಆಕಿ ರಟ್ಟಿ ಬಿದ್ದು ಹೋಗಿದ್ವು. ಆಕಿಗೆ ಒಬ್ಬನ ಮಗ, ಕಳಕಪ್ಪ. ಆಳು ನೋಡಿದ್ರ ಆರಡಿ, ಬುದ್ಧಿ ನೋಡಿದ್ರ ಬಟ್ಟಲದಷ್ಟೂ ಇಲ್ಲ. ಕೆಟ್ಟವ ಅಲ್ಲ, ಸೋಮಾರಿನೂ ಅಲ್ಲ. ಹೇಳಿದ್ದನ್ನ ಹೇಳಿದಂಗ ಮಾಡ್ತಿದ್ದ. ಅದ ಆಕಿ ದುಃಖ!

ಫಕೀರವ್ವನ ಗಂಡ ಸಂಗಪ್ಪ ಊರಿಗೆ ನೀರು ಬಿಡೋ ನೌಕರಿ ಮಾಡ್ಕೋತನ ತೀರಿಕೊಂಡಿದ್ದ. ಅಪ್ಪನ ನೌಕರಿ ಮಗಗ ಕೊಡ್ರಿ ಅಂತ ಫಕೀರವ್ವ ಮೂರು ವರ್ಷ ಕಚೇರಿ ಬಾಗಲಾ ಕಾದ್ಲು. ಮೂರು ವರ್ಷದ ಮ್ಯಾಲ ಒಂದು ಸೋಮವಾರ ಫೋನ್ ಬಂತು.

"ಅವ್ವಾರ, ನಿಮ್ಮ ಮಗನ ಆರ್ಡರ್ ಆಗೈತ್ರಿ. ಮೇಲ್ ಮಾಡೀವಿ. ಶುಕ್ರವಾರ ಎರಡು ಗಂಟೆಯೊಳಗ ಸಹಿ ಮಾಡಿ ವಾಪಸ್ ಕಳಸ್ರಿ. ಇಲ್ಲಂದ್ರ ಪಟ್ಟಿಯೊಳಗ ಮುಂದಿನವರಿಗೆ ಹೋಗ್ತೈತಿ," ಅಂದ ಕಚೇರಿ ಗುಮಾಸ್ತ.

ಫಕೀರವ್ವನ ಕೈಯಾಗಿನ ಹಿಟ್ಟು ಕೆಳಗ ಬಿತ್ತು. "ಕಳಕ್ಯಾ! ನೌಕರಿ ಬಂತೋ! ಲಗೂನ ಮೇಲ್ ನೋಡೋ!"

"ಹೂನವ್ವಾ!" ಅಂದ ಕಳಕಪ್ಪ. ನಿಚ್ಚಣಿಕಿ ಹಚ್ಚಿದ, ಮಾಳಿಗಿ ಹತ್ತಿದ, ಮ್ಯಾಲ ನೋಡಿದ. ಹದ್ದು ಬಂತು, ಹೋತು. ಮೋಡ ಬಂತು, ಹೋತು. ಹೊತ್ತು ಮುಳುಗೋತನ ನೋಡಿದ. ಕುತ್ತಿಗಿ ಹಿಡ್ಕೊಂಡು ಇಳದ ಬಂದ.

"ಏನೂ ಬಂದಿಲ್ಲವ್ವಾ. ಒಂದು ಹದ್ದು ಬಂದಿತ್ತು."

"ಅಯ್ಯೋ ನನ್ನ ಹಣೇಬರಾ! ಮೇಲ್ ಅಂದ್ರ ಆಕಾಶ ಅಲ್ಲೋ! ಕಂಪ್ಯೂಟರ್‌ನಾಗ ಬರೋದು! ನಾಳೆ ಮೆಹಬೂಬಸಾಬ್ರ ಝೆರಾಕ್ಸ್ ಅಂಗಡಿಗೆ ಹೋಗು. ಕಂಪ್ಯೂಟರ್ ಮುಂದ ಕುಂಡ್ರು. ಅದನ್ನ ಬಿಟ್ಟು ಕಣ್ಣು ಆಕಡೆ ಈಕಡೆ ಹೊಳ್ಳಿಸಬ್ಯಾಡ!"

"ಹೂನವ್ವಾ!"

ಮಂಗಳವಾರ ಹೋದ. ಮೆಹಬೂಬಸಾಬ್ರು ಅವನ ಮೇಲ್ ತೆಗದುಕೊಟ್ಟು, "ಇಗಾ ನೋಡು, ಅಟ್ಯಾಚ್‌ಮೆಂಟ್ ಐತಿ. ಅದರ ಮ್ಯಾಲ ಒತ್ತು," ಅಂದು ಗಿರಾಕಿ ಕಡೆ ಹೋದ್ರು. ಕಳಕಪ್ಪ ಒತ್ತಿದ. ಖಾಲಿ ಚೌಕ ಬಂತು, ಚೌಕದಾಗ ಒಂದು ಕೆಂಪು ಗುಣಾಕಾರ ಚಿಹ್ನೆ ಬಂತು. ಕಾಗದ ಇಲ್ಲ. ಅವ ಕಣ್ಣು ಹೊಳ್ಳಿಸಲಿಲ್ಲ. ಕರೆಂಟ್ ಹೋತು, ಪರದೆ ಕಪ್ಪಾತು. ಅವ ಕಣ್ಣು ಹೊಳ್ಳಿಸಲಿಲ್ಲ. "ಏ ಕಳಕಪ್ಪಾ, ಕಾಣ್ತೇನೋ?" ಅಂತ ಸಾಬ್ರು ಎರಡು ಸಲ ಕೂಗಿದ್ರು. ಅವ ಮಾರಿ ತಿರುವಿ ನೋಡಲಿಲ್ಲ. ಅಂಗಡಿ ಬಾಗಲಾ ಎಳಿಯೋ ಹೊತ್ತಿಗೆ ಸಾಬ್ರೇ ರಟ್ಟಿ ಹಿಡದು ಎಬ್ಬಿಸಿ ಕಳಿಸಿದ್ರು.

"ಏನ್ ಕಾಣ್ತು?" ಅಂದ್ಲು ಫಕೀರವ್ವ.

"ಮದ್ಲ ಗುಣಾಕಾರ ಕಾಣ್ತವ್ವಾ. ಆಮ್ಯಾಲ ನನ್ನ ಮಾರಿ ಕಾಣ್ತು."

"ನಿನ್ನ ಮಾರೀಗೆ! ಬರೇ ನೋಡ್ಕೋತ ಕುಂತ್ರ ಆತೇನೋ? ಕಾಣಲಿಲ್ಲ ಅಂದ್ರ ತೆರೀಬೇಕು! ಮುಚ್ಚಿದ್ದು ಏನೈತಿ ಅದನ್ನ ತೆರದು ಒಳಗ ನೋಡಬೇಕು!"

"ಹಂಗ ಮದ್ಲ ಹೇಳಬಾರದೇನವ್ವಾ!" ಅಂದ ಕಳಕಪ್ಪ.

ಬುಧವಾರ ಹೋದ. ಸಾಬ್ರು ಚಾ ಕುಡಿಯಾಕ ಹೋಗಿದ್ರು. ಕಳಕಪ್ಪ ಕುಂತ, ಒತ್ತಿದ, ಅದ ಕೆಂಪು ಗುಣಾಕಾರ. ಮುಚ್ಚಿದ್ದು ಏನೈತಿ ಅಂತ ನೋಡಿದ. ಮೇಜಿನ ಕೆಳಗ ಡಬ್ಬಿ ಐತಿ, ಡಬ್ಬಿ ಮುಚ್ಚೈತಿ! ಸ್ಕ್ರೂ ಡ್ರೈವರ್ ತಗೊಂಡ, ತೆರದ. ಒಳಗ ಪಂಖಾ ಇತ್ತು, ಅದನ್ನ ತೆಗದ. ಹಸರು ಹಲಗಿ ಇತ್ತು, ಅದನ್ನ ತೆಗದ. ವೈರ್ ಇದ್ವು, ಒಂದೊಂದ ಬಿಚ್ಚಿ ಗಂಟು ಕಟ್ಟಿ ಬದಿಗಿಟ್ಟ. ಸಾಬ್ರು ಚಾ ಕುಡದು ಬಂದ್ರು. ನೋಡಿದ್ರು. ಹಂಗ ಬಾಗಲದಾಗ ಕುಂತ ಬಿಟ್ರು.

"ಯಾ ಅಲ್ಲಾ! ಏನ್ ಮಾಡಿದ್ಯೋ?"

"ತೆರದು ನೋಡಿದ್ನಿರಿ. ಒಳಗೂ ಕಾಗದ ಇಲ್ಲ. ಯಾರೋ ಹಾರಿಸ್ಯಾರ."

ಮೆಹಬೂಬಸಾಬ್ರು ಒಳ್ಳೆ ಮನಷ್ಯಾ, ಸಂಗಪ್ಪನ ಜೋಡಿ ಸಾಲೀ ಕಲ್ತವರು. ಬೈಲಿಲ್ಲ. ತಲಿ ಹಿಡ್ಕೊಂಡು ಹೇಳಿದ್ರು: "ಕಾಗದ ಎಲ್ಲಿಗೂ ಹೋಗಿಲ್ಲೋ ತಮ್ಮಾ. ಕಚೇರಿಯವರು ಕಳಿಸಿದ್ದು ನನ್ನ ಈ ಮೇಲ್ ಪ್ರೋಗ್ರಾಮ್‌ನಾಗ ಕಾಣಂಗಿಲ್ಲ, ಅಷ್ಟ. ಬ್ಯಾರೆ ಪ್ರೋಗ್ರಾಮ್ ಆರಿಸಬೇಕು. ನಾಳೆ ಈ ಡಬ್ಬಿ ಕೂಡಸ್ತೀನಿ, ನೀ ದೂರ ಇರು!"

ಕಳಕಪ್ಪ ಮನಿಗೆ ಬಂದು, "ಸಾಬ್ರು ಬ್ಯಾರೆ ಪ್ರೋಗ್ರಾಮ್ ಆರಿಸಬೇಕು ಅಂದ್ರವ್ವಾ," ಅಂದ.

ಡಬ್ಬಿ ಬಿಚ್ಚಿದ ಸುದ್ದಿ ಕೇಳಿ ಫಕೀರವ್ವ ಎದಿ ಬಡಕೊಂಡ್ಲು. "ಮಂದಿ ಸಾಮಾನು ಮುಟ್ಟಿದ್ಯೇನೋ! ಇನ್ನ ಮ್ಯಾಲ ಯಾವುದಕ್ಕೂ ಕೈ ಹಚ್ಚಬ್ಯಾಡ! ಪ್ರೋಗ್ರಾಮ್ ಅಂದ್ರೇನು? ಒಂದಕ್ಕ ಜೋತು ಬೀಳಬ್ಯಾಡ. ಎರಡ್ಮೂರು ನೋಡು. ಯಾವುದ್ರಾಗ ಎಲ್ಲಾ ಸ್ವಚ್ಛ ಕಾಣ್ತೈತಿ, ಅದನ್ನ ಹಿಡಿ!"

"ಹೂನವ್ವಾ!"

ಗುರುವಾರ ಕಳಕಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು ಹೊಂಟ. ಮುಂಜಾನೆ ಒಂದು ತೊಟ್ಟಿಲ ಪ್ರೋಗ್ರಾಮ್ ಇತ್ತು. ಕಂಬದ ಹಿಂದ ಜಾಗಾ ಸಿಕ್ತು, ಕೂಸು ಕಾಣಲಿಲ್ಲ. ಎದ್ದ. ಮಧ್ಯಾಹ್ನ ಒಬ್ಬ ಮಾಸ್ತರರ ನಿವೃತ್ತಿ ಪ್ರೋಗ್ರಾಮ್ ಇತ್ತು. ಹಾರ ಹಾಕೋವ್ರು ಅಡ್ಡ ನಿಂತ್ರು, ಮಾಸ್ತರ ಕಾಣಲಿಲ್ಲ. ಎದ್ದ. ಸಂಜಿಮುಂದ ಸಾಲಿ ಮಕ್ಕಳ ಪ್ರೋಗ್ರಾಮ್ ಇತ್ತು. ಮುಂದಿನ ಸಾಲಿನಾಗ ಕುರ್ಚಿ ಸಿಕ್ತು, ಎಲ್ಲಾ ಕಾಣ್ತು! ಕೈ ಹಚ್ಚಬ್ಯಾಡ ಅಂತ ಅವ್ವ ಅಂದಿದ್ಲಲ್ಲ, ಊರ ಮಂದಿಯೆಲ್ಲಾ ಚಪ್ಪಾಳಿ ತಟ್ಟಿದ್ರೂ ಇವ ಎರಡೂ ಕೈ ಬಗಲಾಗ ಇಟ್ಕೊಂಡು ಕುಂತ.

"ಆರಿಸಿದ್ನವ್ವಾ! ಮೂರನೇ ಪ್ರೋಗ್ರಾಮ್ ಚಲೋ ಐತಿ! ಕೋಲಾಟನೂ ಕಾಣ್ತೈತಿ, ಹೆಡ್ ಮಾಸ್ತರನೂ ಕಾಣ್ತಾರ!"

ಫಕೀರವ್ವ ಈ ಸಲ ಬೈಲಿಲ್ಲ. ಒಲಿ ಮುಂದ ಕುಂತು ಅತ್ಲು. ಹಂಚಿನ ಮ್ಯಾಲ ರೊಟ್ಟಿ ಕಪ್ಪಾತು. "ನಾ ಇರೋತನ ರೊಟ್ಟಿ ಬಡದು ಹಾಕ್ತೀನೋ ಕಳಕ್ಯಾ," ಅಂದ್ಲು. "ನಾ ಹೋದ ಮ್ಯಾಲ ನಿನಗ ಯಾರು ಹಾಕ್ತಾರೋ?"

ಕಳಕಪ್ಪ ಭಾಳ ಹೊತ್ತು ವಿಚಾರ ಮಾಡಿದ. "ಖಾನಾವಳಿಯವರು ಹಾಕ್ತಾರವ್ವಾ," ಅಂದ.

ಆಕಿ ಕಣ್ಣು ಒರಿಸಿಕೊಂಡ್ಲು. "ನಾಳೆ ನಾನ ಬರ್ತೀನಿ. ನೀ ಏನೂ ವಿಚಾರ ಮಾಡಬ್ಯಾಡ. ಸಾಬ್ರು ಏನು ಹೇಳ್ತಾರ ಅಷ್ಟ ಮಾಡು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮಿ ಇಲ್ಲ!"

ಶುಕ್ರವಾರ ಅಂಗಡಿ ಬಾಗಲಾ ತೆಗಿಯೋದ್ರಾಗ ತಾಯಿ ಮಗ ಇಬ್ಬರೂ ಕಟ್ಟಿ ಮ್ಯಾಲ ಕುಂತಿದ್ರು. ಸಾಬ್ರು ಡಬ್ಬಿ ಕೂಡಿಸಿದ್ರು. ಒಂದು ಹೊಸಾ ಪ್ರೋಗ್ರಾಮ್ ಹಾಕಿದ್ರು. ಕಾಗದ ತೆರೀತು, ಆದ್ರ ಅಕ್ಷರ ಇರೋ ಜಾಗಾದಾಗ ಬರೇ ಚೌಕ ಚೌಕ. ಫಕೀರವ್ವಗ ಓದಾಕ ಬರ್ತಿರಲಿಲ್ಲ, ಆದ್ರೂ ಅದು ಕನ್ನಡ ಅಲ್ಲ ಅಂತ ತಿಳೀತು. ಅದನ್ನ ತೆಗದು ಸಾಬ್ರು ಇನ್ನೊಂದು ಹಾಕಿದ್ರು. ಹನ್ನೆರಡು ಹೊಡೀತು. ಹನ್ನೆರಡೂವರಿಗೆ ಸಾಬ್ರು "ಬಂತ್ ನೋಡ್ರಿ!" ಅಂತ ಕೂಗಿದ್ರು. ಕಾಗದ ಪೂರಾ ಬಂದಿತ್ತು.

"ಓದ್ರೀ ಸಾಬ್ರ," ಅಂದ್ಲು ಫಕೀರವ್ವ.

"ದಿವಂಗತ ಸಂಗಪ್ಪ ಇವರ ಮಗನಾದ ಕಳಕಪ್ಪ ಇವರಿಗೆ..." ಸಾಬ್ರು ಅಷ್ಟು ಓದೋದ್ರಾಗ ಫಕೀರವ್ವ ಸೆರಗು ಬಾಯಿಗೆ ಒತ್ತಿಕೊಂಡ್ಲು. ಗಂಡನ ಹೆಸರಿನ ಮ್ಯಾಲ ಬಟ್ಟು ಇಟ್ಟು ತೋರಸ್ರಿ ಅಂದ್ಲು. ಸಾಬ್ರು ತೋರಿಸಿದ್ರು. ಆಕಿ ಭಾಳ ಹೊತ್ತು ಅದನ್ನ ನೋಡಿದ್ಲು.

ಕಾಗದ ಪ್ರಿಂಟ್ ಆತು. ಕೆಳಗ ಎರಡು ಸಾಲು ಇದ್ವು. ಒಂದು 'ಈ ನೌಕರಿ ನನಗೆ ಬೇಕು', ಅದರ ಕೆಳಗಿಂದು 'ಈ ನೌಕರಿ ನನಗೆ ಬೇಡ'. ಬೇಕು ಅನ್ನೋದಕ್ಕ ಗುರುತು ಹಾಕಿ, ಎಲ್ಲಾದಕ್ಕೂ ಕೆಳಗ ಫೋಟೋ ಹಚ್ಚಿ ಸಹಿ ಮಾಡಬೇಕು. ಸಾಬ್ರು ಹೇಳಿದಂಗ ಕಳಕಪ್ಪ ಎಲ್ಲಾ ಮಾಡಿದ. ಒಂದೂ ತಪ್ಪಿಲ್ಲ! ಸಾಬ್ರು ಕಾಗದ ಸ್ಕ್ಯಾನರ್‌ನಾಗ ಇಟ್ಟು ಹಸರು ಗುಂಡಿ ಒತ್ತಿದ್ರು. ಮೇಲ್ ಹೋತು. ಎರಡು ನಿಮಿಷಕ್ಕ ಹೊಳ್ಳಿ ಬಂತು!

ಜುಮ್ಮಾ ನಮಾಜಿನ ಹೊತ್ತಾಗಿತ್ತು. ಸಾಬ್ರು ಟೊಪಿಗಿ ಹಾಕ್ಕೋತ, "ಏನಿಲ್ಲ, ದೊಡ್ಡದಾತು ಅಂತ ವಾಪಸ್ ಬಂದೈತಿ. ಸಣ್ಣದು ಮಾಡಿ, ಇಟ್ಟು, ಹಸರು ಗುಂಡಿ ಒತ್ತು. ಅಷ್ಟ!" ಅಂದು ಓಡಿದ್ರು.

ಕಳಕಪ್ಪ ಮೇಜಿನ ಮ್ಯಾಲಿನ ಕತ್ರಿ ತಗೊಂಡ.

"ಏನೋ ಅದು?" ಅಂದ್ಲು ಫಕೀರವ್ವ.

"ಸಾಬ್ರು ಸಣ್ಣದು ಮಾಡು ಅಂದ್ರವ್ವಾ."

"ಹಂಗ ಅಂದ್ರೇನು?"

"ಹಂಗ ಅಂದ್ರು."

"ಅಂದಂಗ ಮಾಡು ಮತ್ತ!" ಅಂದ್ಲು ಆಕಿ. ಕಾಗದ ಅಲ್ಲಾಡಬಾರದು ಅಂತ ತಾನ ತುದಿ ಹಿಡದ್ಲು.

ಕಳಕಪ್ಪ ಕತ್ತರಿಸಿದ. ಕಚೇರಿ ಹೆಸರು ಹೋತು. ಅಪ್ಪನ ಹೆಸರು ಹೋತು. ಫೋಟೋ ಕತ್ತರಿಸಬಾರದು, ಸಹಿ ಕತ್ತರಿಸಬಾರದು, ಅಷ್ಟು ಬುದ್ಧಿ ಅವಗ ಇತ್ತು. ಫೋಟೋದ ಮ್ಯಾಲ ಒಂದು ಸಾಲು ಬಿಟ್ಟು, ನೆಟ್ಟಗ, ಚಂದಾಗಿ ಕತ್ತರಿಸಿದ. ಅಂಗೈಯಷ್ಟು ತುಂಡು ಉಳೀತು. ಇಟ್ಟ, ಹಸರು ಗುಂಡಿ ಒತ್ತಿದ. ಮೇಲ್ ಹೋತು. ಎರಡು ನಿಮಿಷ ಆತು, ಹತ್ತು ನಿಮಿಷ ಆತು, ಹೊಳ್ಳಿ ಬರಲಿಲ್ಲ!

ಫಕೀರವ್ವ ಮಗನ ಗದ್ದ ಹಿಡದು ಮುದ್ದು ಕೊಟ್ಲು. ಅಷ್ಟೊತ್ತಿಗೆ ಫೋನ್ ಬಂತು.

"ಅವ್ವಾರ, ನಿಮ್ಮ ಅಟ್ಯಾಚ್‌ಮೆಂಟ್ ಭಾಳ ಸ್ವಚ್ಛ ಕಾಣ್ತು ನೋಡ್ರಿ," ಅಂದ ಗುಮಾಸ್ತ. "'ಈ ನೌಕರಿ ನನಗೆ ಬೇಡ' ಅಂತ ಐತಿ, ಕೆಳಗ ನಿಮ್ಮ ಮಗನ ಫೋಟೋ ಐತಿ, ಸಹಿನೂ ಐತಿ. ಆತ್ರಿ. ಪಟ್ಟಿಯೊಳಗ ಮುಂದಿನವರಿಗೆ ಈಗಷ್ಟ ಮೇಲ್ ಹಾಕಿದ್ವಿ. ಆಗಲೇ ಒಪ್ಪಿಗಿ ಕಳಿಸ್ಯಾರ."

ಫಕೀರವ್ವ ಫೋನ್ ಇಟ್ಲು. ಕೆಳಗ ಬಿದ್ದ ತುಂಡೆಲ್ಲಾ ಒಂದೊಂದ ಆರಿಸಿ ಉಡಿಯಾಗ ಹಾಕ್ಕೊಂಡ್ಲು. ಎದ್ದು ನಿಂತ್ಲು. ಆಮ್ಯಾಲ ಮೂರು ವರ್ಷದ ಸಂಕಟ ಒಮ್ಮೆಲೇ ಬಾಯಿಗೆ ಬಂತು.

"ಹೋಗೋ ನನ್ನ ಹೊಟ್ಟಿ ಉರಿಸಾಕ ಹುಟ್ಟಿದವನ! ನನ್ನ ಕಣ್ಣಿಗೆ ಕಾಣಿಸ್ಕೋಬ್ಯಾಡ! ನಿನ್ನ ಮಾರಿ ತೋರಿಸಬ್ಯಾಡ!"

"ಹೂನವ್ವಾ," ಅಂದ ಕಳಕಪ್ಪ. ಹೆಗಲ ಮ್ಯಾಗಿನ ಟವೆಲ್ ತಗೊಂಡ, ತಲಿ ಮಾರಿ ಎಲ್ಲಾ ಮುಚ್ಚುವಂಗ ಹೊಚ್ಚಿಕೊಂಡ, ಗದ್ದದ ಕೆಳಗ ಗಂಟು ಹಾಕಿದ. ಆಕಿ ಮುಂದನ ಕಂಬದಂಗ ನಿಂತ.

"ಈಗ ಕಾಣ್ತೀನೇನವ್ವಾ?"

ಆಕಿ ಕಾಲಾಗ ಚಪ್ಪಲ್ ಮೆಟ್ಟಿದ್ಲು.

"ಅವ್ವಾ, ಇನ್ನಾ ಕಾಣ್ತೀನೇನು?"

ಬಜಾರದಾಗ ಎತ್ತಿನ ಬಂಡಿ, ಟಂಟಂ, ಬಸ್ಸು, ಎಲ್ಲಾ ಹಾಯತಿದ್ವು. ಫಕೀರವ್ವ ಉಡಿ ಒಂದು ಕೈಯಾಗ ಹಿಡದ್ಲು, ಮಗನ ಕೈ ಇನ್ನೊಂದು ಕೈಯಾಗ ಹಿಡದ್ಲು.

"ಇಲ್ಲೋ ಮಗನ," ಅಂದ್ಲು. "ಕಾಣವಲ್ಲಿ. ನಡಿ. ಕಲ್ಲೈತಿ, ಎಡವಬ್ಯಾಡ."