ಅವಸರದ ಕಾರ್ಡು, ಬೇಸತ್ತ ಮಾನಿಟರ್

ಶಾಂಭವಿಗೆ ಕಂಪ್ಯೂಟರಿನಲ್ಲಿ ಆಟವಾಡಲು ಒಂದು ಗ್ರಾಫಿಕ್ಸ್ ಕಾರ್ಡು ಬೇಕಿತ್ತು. ಪರಿಚಯದ ಅಂಗಡಿಯಾತ ಎರಡನ್ನು ಮನೆಗೇ ತಂದ. ಒಂದು ಸಾಧಾರಣದ್ದು, ಇನ್ನೊಂದು ಅದೇ ಜಾತಿಯದಾದರೂ ಕಾರ್ಖಾನೆಯಲ್ಲೇ ವೇಗ ಹೆಚ್ಚಿಸಿದ್ದು. ಹಿಡಿಸಿದ್ದು ಉಳಿಯಬೇಕು, ಇನ್ನೊಂದು ಡಬ್ಬಿ ಸೇರಬೇಕು.

ವೇಗದ ಕಾರ್ಡು ಮೊದಲು ಒಳಹೊಕ್ಕಿತು. ಆಟ ಶುರುವಾದದ್ದೇ ತಡ, ಮಾನಿಟರಿನತ್ತ ಎಡೆಬಿಡದೆ ಚಿತ್ರಗಳನ್ನು ಎಸೆಯತೊಡಗಿತು. ಅದರ ಕಾವಿಗೆ ಕಂಪ್ಯೂಟರಿನೊಳಗಿನ ಫ್ಯಾನು ಕಿರುಚಿಕೊಂಡಿತು.

“ನಿಲ್ಲಿಸು ಮಹರಾಯ! ಸೆಕೆಂಡಿಗೆ ಅರವತ್ತು ಚಿತ್ರ ತೋರಿಸುವುದಷ್ಟೇ ನನ್ನಿಂದ ಸಾಧ್ಯ. ಮಿಕ್ಕಿದ್ದನ್ನು ಎಲ್ಲಿ ಇಟ್ಟುಕೊಳ್ಳಲಿ?” ಎಂದಿತು ಮಾನಿಟರ್.

“ಅದು ನಿನ್ನ ಪಾಡು. ನಾನು ಹುಟ್ಟಿನಿಂದಲೇ ವೇಗದವನು.”

“ನಿನ್ನ ಹುಟ್ಟಿನ ಹೆಮ್ಮೆಗೆ ನನ್ನ ಉಸಿರು ಹೋಗುತ್ತಿದೆ!” ಎಂದಿತು ಫ್ಯಾನು.

ಆ ಸದ್ದು ತಾಳಲಾರದೆ ಶಾಂಭವಿ ಅದನ್ನು ತೆಗೆಸಿ ಸಾಧಾರಣದ್ದನ್ನು ಹಾಕಿಸಿದಳು. ಆಟ ಅಷ್ಟೇ ಚೆನ್ನಾಗಿ ಕಂಡಿತು. “ಇದೇ ಇರಲಿ,” ಎಂದಳು.

ಮಾನಿಟರ್ ನಿಟ್ಟುಸಿರು ಬಿಡುವಷ್ಟರಲ್ಲಿ ಸಾಧಾರಣ ಕಾರ್ಡು ಮೆಲ್ಲಗೆ ಕೇಳಿತು: “ಮನಸ್ಸು ಮಾಡಿದರೆ ನಾನೂ ಅವನಷ್ಟೇ ಓಡಬಲ್ಲೆ. ತೋರಿಸಲೇ?”

“ಒಬ್ಬ ತೊಲಗಿದ ಅನ್ನುವಾಗ ನೀನೂ ಶುರು ಮಾಡಿದೆಯಾ? ತೆಪ್ಪಗಿರು ಮಾರಾಯ, ಆ ಹುಡುಗಿ ಆಡಲಿ!” ಎಂದಿತು ಮಾನಿಟರ್.