ಇಬ್ಬರ ಲೇಖನವೂ ಮೊದಲು

ನನ್ನ ಅಕ್ಷರ ಸೊಟ್ಟ, ಮಾತು ಒರಟು. ಮೊದಲೇ ಕ್ಷಮೆ ಕೋರುತ್ತೇನೆ. ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ಸಂಶೋಧನಾ ಪತ್ರಿಕೆಯನ್ನು ಹೊಲಿದು ರಟ್ಟು ಹಾಕುವವಳು ನಾನು. ಹೊಲಿಯಲು ಬರುತ್ತದೆ, ಓದಲು ಕೂತರೆ ನಿದ್ದೆ ಬರುತ್ತದೆ.

“ನನ್ನ ಲೇಖನ ಮೊದಲಿರಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ” ಎಂದರು ಪ್ರೊಫೆಸರ್ ವಿರೂಪಾಕ್ಷಯ್ಯನವರು. ಪ್ರೊಫೆಸರ್ ಜಿನದತ್ತರೂ ಬಂದು ತಮ್ಮ ಲೇಖನಕ್ಕೆ ಅದನ್ನೇ ಹೇಳಿದರು.

ಅರ್ಧ ಪ್ರತಿಗಳಲ್ಲಿ ಇವರನ್ನು, ಉಳಿದರ್ಧದಲ್ಲಿ ಅವರನ್ನು ಮುಂದೆ ಹೊಲಿದು, ಅವರವರ ಪ್ರತಿ ಅವರವರಿಗೆ ಕೊಟ್ಟೆ. ಪುಟಸಂಖ್ಯೆ ಹಿಂದುಮುಂದಾಯಿತು. ಯಾರೂ ಕೇಳಲಿಲ್ಲ.

ವಿರೂಪಾಕ್ಷಯ್ಯನವರು ತಮ್ಮ ಲೇಖನವನ್ನಷ್ಟೇ ಓದಿ ಮುಚ್ಚಿದರು.

“ಪಾಪ, ಜಿನದತ್ತರು ಏನಂದರಮ್ಮಾ?”

“ನಿಮ್ಮನ್ನು ನೆನೆದು ಅವರೂ ಪಾಪ ಅಂದರು, ಸಾರ್.”

“ಹೊಟ್ಟೆಕಿಚ್ಚು” ಎಂದು ಹಿಗ್ಗಿದರು. ಕೆಲಸ ಉಳಿಯಿತು. ಗುಟ್ಟು ಹೇಗೋ ಉಳಿದ ಮೇಷ್ಟರ ಕಿವಿಗೆ ಬಿದ್ದು, ಮುಂದಿನ ಸಂಚಿಕೆಯಲ್ಲಿ ಅವರೆಲ್ಲರೂ ಮೊದಲಿರಬೇಕಂತೆ. ಜಾಣೆ ಎನಿಸಿಕೊಂಡ ತಪ್ಪಿಗೆ ಹೊಲಿಯುತ್ತಿದ್ದೇನೆ.

ಬರೆದುದರಲ್ಲಿ ತಪ್ಪಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು.